ಎರ್ರಮ್ಮನ ಹೊಲದ ಲಾಳದ ಕಲ್ಲು

೧೯೫೭ನೇ ಇಸವಿ ಮೇ ಹನ್ನೆರಡು, ಭಾನುವಾರ. ಬೆಳಿಗ್ಗೆಯಿಂದಲೇ ಬಿಸಿಗಾಳಿ. ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು, ಗುಡುಗಿತು, ಊರ ಧೂಳನ್ನೆಲ್ಲ ಎಬ್ಬಿಸಿ ಮನೆಗಳೊಳಗೆ ತುಂಬಿತು. ನೆಲ ನೆನೆಯುವ ಮೊದಲೇ ಹನಿ ನಿಲ್ಲಿಸಿ ಕರ್ನೂಲಿನ ಕಡೆಗೆ ಹೊರಟುಹೋಯಿತು. ಕಟ್ಟೆಯ ಮೇಲೆ ಔಡಲಕಾಯಿ ಸುಲಿಯುತ್ತ ಕುಳಿತಿದ್ದ ಎರ್ರಮ್ಮ ಮೊರದ ಮೇಲಿನ ಧೂಳನ್ನು ಊದಿ, "ಮಳಿಗೂ ಮರಿಬಸಪ್ಪನ ಬುದ್ಧಿ ಬಂತು. ತೋರಿಸೂದೊಂದು, ಕೊಡೂದೊಂದು" ಎಂದಳು. ಕೇಳಿಸಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ. ಕೇಳುವವರಿಲ್ಲವೆಂದು ಮಾತು ನಿಲ್ಲಿಸಿದ ಹೆಂಗಸು ಆಕೆಯಲ್ಲ.

ಆಕೆ ಹುಟ್ಟಿದ್ದು ಆದವಾನಿಯ ಹತ್ತಿ ದಲಾಲರ ಮನೆಯಲ್ಲಿ. ತಕ್ಕಡಿ ನೋಡುತ್ತ ಬೆಳೆದವಳು. ಮುಳ್ಳು ಕೂದಲೆಳೆಯಷ್ಟು ಓರೆಯಾದರೂ ಆಕೆಗೆ ತಡೆಯದು. ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಸಗಿ ಸ್ಟೇಷನ್ನಿನಿಂದ ಮೂರು ಮೈಲಿ ದೂರದ ಈ ಊರಿಗೆ ಸೊಸೆಯಾಗಿ ಬಂದಾಗ ಮಾವ ಗಾದಿಲಿಂಗಪ್ಪ, "ಈ ಹುಡುಗಿ ಮುಂದ ಮಾತು ತೂಗಿ ಆಡ್ರಪ್ಪ, ಕಡಿಮಿ ಬಿದ್ದರ ತಿರುಗಿ ಕಳಸ್ತಾಳ" ಎಂದು ಮನೆಯವರಿಗೆಲ್ಲ ಹೇಳಿದ್ದನಂತೆ. ಗಂಡ ಸಿದ್ದಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ಬದುಕಿನಲ್ಲಿ ಅವನು ಎದೆ ತಟ್ಟಿ ಹೇಳಿಕೊಳ್ಳಬಹುದಾಗಿದ್ದ ಕೆಲಸ ಒಂದೇ: ಹೊಲದ ತೆಂಕಣ ತುದಿಯಲ್ಲಿ ಬಂಡೆ ಒಡೆಸಿ ಸಿಹಿನೀರಿನ ಬಾವಿ ತೋಡಿಸಿದ್ದು. ಅದನ್ನೂ ಅವನು ಹೇಳಿಕೊಳ್ಳಲಿಲ್ಲ. ಮೂರು ವರ್ಷದ ಹಿಂದೆ ತೀರಿಹೋದ. ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಬಳ್ಳಾರಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಎರ್ರಮ್ಮನ ಪಾಲಿಗೆ ಉಳಿದದ್ದು ಬಾವಿ, ಬಾವಿಯ ಕೆಳಗಿನ ಉಳ್ಳಾಗಡ್ಡಿ ಮಡಿ, ಮತ್ತು ಮೈದುನ ಮರಿಬಸಪ್ಪ.

ಜಗಳ ಬಾವಿಯದು. ಗಾದಿಲಿಂಗಪ್ಪ ಬದುಕಿರುವಾಗಲೇ ಇಬ್ಬರು ಮಕ್ಕಳಿಗೆ ಬಾಯಿಮಾತಿನಲ್ಲಿ ಪಾಲು ಮಾಡಿದ್ದ. ಮೂಡಲ ಭಾಗ ಹಿರಿಯನಿಗೆ, ಪಡುವಣ ಭಾಗ ಕಿರಿಯನಿಗೆ. ಬಡಗಣ ತುದಿಯಲ್ಲೊಂದು, ತೆಂಕಣ ತುದಿಯಲ್ಲೊಂದು ಎಲ್ಲೆಕಲ್ಲು ನೆಟ್ಟು, ಒಂದರಿಂದ ಇನ್ನೊಂದಕ್ಕೆ ಹಗ್ಗ ಹಿಡಿದರೆ ಹಗ್ಗವೇ ಎಲ್ಲೆ ಎಂದಿದ್ದ. ಗಂಡ ತೀರಿದ ವರ್ಷ ಎರ್ರಮ್ಮ ಮಗಳ ಬಾಣಂತನಕ್ಕೆಂದು ಬಳ್ಳಾರಿಗೆ ಹೋಗಿ, ಮೂರು ತಿಂಗಳು ಬಿಟ್ಟು ಬಂದು ನೋಡುತ್ತಾಳೆ, ಹಗ್ಗ ಬಾವಿಯ ಮೂಡಲ ಬದಿಗೆ ಬೀಳುತ್ತಿದೆ. ಬಾವಿ ಮರಿಬಸಪ್ಪನ ಪಾಲಿನೊಳಗೆ ಕುಳಿತಿದೆ. "ಕಲ್ಲು ಸರಿಸ್ಯಾರ" ಎಂದು ಆಕೆ. "ಎಲ್ಲೆ ಹಿಂದಲಿಂದ ಓರೆನೇ ಇತ್ತು, ಅಣ್ಣ ಬಾವಿ ನನ್ನ ನೆಲದಾಗ ತೋಡಿದ, ಅಣ್ಣ ಅಂತ ನಾ ಸುಮ್ಮನಿದ್ದೆ" ಎಂದು ಅವನು. ಅಪ್ಪ ನೆಟ್ಟ ಎಲ್ಲೆಕಲ್ಲನ್ನು ಕಿತ್ತು ನೋಡುವುದು ಆ ಸೀಮೆಯಲ್ಲಿ ಹೂತ ಹೆಣ ಕಿತ್ತ ಹಾಗೆ. ಅದನ್ನು ಯಾರೂ ಬಾಯಿಗೂ ತರಲಿಲ್ಲ. ಬದಲಿಗೆ ಪಂಚರು ಉರುಕುಂದದ ಈರಣ್ಣ ದೇವರ ಮುಂದೆ ಪ್ರಮಾಣ ಕೇಳಿದರು. ಮರಿಬಸಪ್ಪ ಒದ್ದೆಬಟ್ಟೆಯಲ್ಲಿ ನಿಂತು, "ನನ್ನ ಕೈ ಆ ಕಲ್ಲು ಮುಟ್ಟಿಲ್ಲ" ಎಂದು ಸ್ಪಷ್ಟವಾಗಿ ಹೇಳಿ, ತೀರ್ಥ ಕುಡಿದು ಬಂದ. ಅಲ್ಲಿಗೆ ಮಾತು ಮುಗಿಯಿತು. ನಾಳೆ ಸೋಮವಾರ, ಎತ್ತು ಕಟ್ಟದ ದಿನ, ಊರವರೆಲ್ಲ ಬಿಡುವಾಗಿರುವಾಗ ಪಂಚರ ಸಮಕ್ಷಮ ಬಾವಿಯ ಮೂಡಲಿಗೆ ಮುಳ್ಳುಬೇಲಿ ಬೀಳುವುದಿತ್ತು. ಬೇಲಿ ಬಿದ್ದರೆ ಎರ್ರಮ್ಮ ತನ್ನ ಗಂಡನ ಬಾವಿಯ ನೀರನ್ನು ಕಣ್ಣಲ್ಲಿ ನೋಡಬಹುದು, ಕೊಡದಲ್ಲಿ ತರುವಂತಿಲ್ಲ.

ಆ ಭಾನುವಾರ ಧೂಳು ಅಡಗಿದ ಮೇಲೆ ಒಬ್ಬ ಬಂದ. ತಲೆಗೆ ಟೋಪಿ, ಹೆಗಲಿಗೆ ಚೀಲ, ಚೀಲದಿಂದ ಇಣುಕುವ ಸಣ್ಣ ಸುತ್ತಿಗೆ. ಸೋಮಶೇಖರಪ್ಪ. ಗಾದಿಲಿಂಗಪ್ಪನ ಮಗಳ ಮಗ. ಹೈಸ್ಕೂಲು ಓದುವಾಗ ಇದೇ ಮನೆಯಲ್ಲಿ ಐದು ವರ್ಷ ಇದ್ದವನು. ಈಗ ದೂರದ ಊರಿನ ಕಾಲೇಜೊಂದರಲ್ಲಿ ಹುಡುಗರಿಗೆ ಭೂವಿಜ್ಞಾನ ಹೇಳಿಕೊಡುತ್ತಿದ್ದ. ರಜೆಗೆ ಬಂದಿದ್ದ.

"ಚಲೋ ಇದ್ದೀರೇನ್ರಿ ಅತ್ತೀ?"

"ಯಾರ ಮನ್ಯಾಗ ಇಳಕೊಂಡಿ?"

"ಮಾವನ ಮನ್ಯಾಗರಿ."

"ಹಂಗಾರ ನೀರೂ ಅಲ್ಲೇ ಕುಡಿ. ನಾಳಿಂದ ನೀರು ಅವರದ."

ಅವನು ನಕ್ಕ. ಆಮೇಲೆ ಬಂದ ಕೆಲಸ ಹೇಳಿದ: ಅವನಿಗೆ ಲಾಳದ ಕಲ್ಲು ನೋಡಬೇಕಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಕುಳಿತು ಕುದುರೆ ಓಡಿಸಿದ್ದು ನೆನಪಿದೆ, ಆದರೆ ಆಗ ಅದನ್ನು ನೋಡುವ ಕಣ್ಣು ಇರಲಿಲ್ಲ ಎಂದ.

"ಈಗ ಬಂದಾವೇನು ಕಣ್ಣು? ಮರಿಬಸಪ್ಪ ಕೊಡಿಸ್ಯಾನೇನು?" ಎಂದು ಎರ್ರಮ್ಮ ಮೊರ ಕೆಳಗಿಟ್ಟು ಎದ್ದಳು. ಅವನೊಂದಿಗೆ ಹೋಗುವ ಪ್ರೀತಿಯಿಂದಲ್ಲ. ಬೇಲಿಯ ಹಿಂದಿನ ದಿನ ಮೈದುನನ ಮನೆಯಲ್ಲಿ ಉಂಡವನನ್ನು ಸುತ್ತಿಗೆಯ ಸಮೇತ ಎಲ್ಲೆಕಲ್ಲಿನ ಬಳಿ ಒಬ್ಬನನ್ನೇ ಬಿಡಬಾರದೆಂದು.

ಲಾಳದ ಕಲ್ಲಿಗೂ ಒಂದು ಕಥೆಯಿತ್ತು. ಗಾದಿಲಿಂಗಪ್ಪ ಪ್ರಾಯದಲ್ಲಿ ರೈಲ್ವೆಯ ಕಲ್ಲಿನ ಕಂತ್ರಾಟುದಾರನ ಕೈಕೆಳಗೆ ತಿರುಚನಾಪಳ್ಳಿಯ ಕಡೆ ಎರಡು ವರ್ಷ ಮೇಸ್ತ್ರಿಯಾಗಿದ್ದ. ಅಲ್ಲಿ ಒಂದು ಹಳ್ಳದ ದಂಡೆಯಲ್ಲಿ ಈ ಕಂಬ ಎರಡು ತುಂಡಾಗಿ ಬಿದ್ದಿತ್ತು. ಬಿಂದಿಗೆಯಷ್ಟು ದಪ್ಪ, ಕಂದು ಬಣ್ಣ, ಮೈತುಂಬ ಸುತ್ತುಸುತ್ತಾಗಿ ಮೊಟ್ಟೆಯಾಕಾರದ ಗುರುತುಗಳು, ಒಂದೊಂದು ಗುರುತಿನೊಳಗೂ ಕುದುರೆ ಲಾಳದಂಥ ಒಂದು ತಗ್ಗು. ದೇವರ ಕುದುರೆಯ ಹೆಜ್ಜೆ ಎಂದು ಅವನು ಕೈ ಮುಗಿದ. ಕೈ ಮುಗಿದ ಮೇಲೆ ಲೆಕ್ಕವನ್ನೂ ಹಾಕಿದ. ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಬೂದುಬಣ್ಣದ ಬಂಡೆ. ಎಲ್ಲೆಗೆ ನೆಟ್ಟ ಕಲ್ಲನ್ನು ಕಿತ್ತೊಗೆದು ಅಂಥದೇ ಇನ್ನೊಂದನ್ನು ಬೇಕಾದಲ್ಲಿ ನೆಡಬಹುದು. ಇಂಥ ಕಲ್ಲನ್ನು ಯಾವ ಕಳ್ಳನೂ ಹುಡುಕಿ ತರಲಾರ. ಗೂಡ್ಸ್ ಗಾಡಿಯಲ್ಲಿ ಕೋಸಗಿಗೆ, ಅಲ್ಲಿಂದ ಬಂಡಿಯಲ್ಲಿ ಹೊಲಕ್ಕೆ ತಂದು, ಎರಡು ತುದಿಗೆ ಎರಡು ನೆಟ್ಟ. ಪ್ರತಿ ಎಳ್ಳಮಾಸಿಗೆ, ಎಳ್ಳ ಅಮಾವಾಸ್ಯೆಯ ದಿನ, ಮನೆಯ ಹಿರಿಯ ಗಂಡಸು ಕಲ್ಲಿನ ನೆತ್ತಿಯ ಸಾಲಿನ ಲಾಳಗಳಿಗೆ ಔಡಲೆಣ್ಣೆ ಹೊಯ್ದು ಕುಂಕುಮ ಇಡುವುದು ರೂಢಿಯಾಯಿತು. ಗಾದಿಲಿಂಗಪ್ಪನಾದ ಮೇಲೆ ಸಿದ್ದಲಿಂಗಪ್ಪ, ಸಿದ್ದಲಿಂಗಪ್ಪನಾದ ಮೇಲೆ ಮರಿಬಸಪ್ಪ. ಎಣ್ಣೆ ಮಾತ್ರ ಎಂದಿನಂತೆ ಎರ್ರಮ್ಮನ ಮನೆಯದು.

ಬಡಗಣ ಕಲ್ಲಿನ ಮುಂದೆ ಸೋಮಶೇಖರಪ್ಪ ಮೊಣಕಾಲೂರಿ ಕುಳಿತ. ಕರವಸ್ತ್ರದಿಂದ ಒಂದು ಲಾಳವನ್ನು ಉಜ್ಜಿದ. ಚೀಲದಿಂದ ಭೂತಗನ್ನಡಿ ತೆಗೆದು ಹಿಡಿದ.

"ಅತ್ತೀ, ಇದು ಮರ."

"ಹೂಂ. ನಾ ಹುಣಸಿಗಿಡ."

"ಹಾಸ್ಯ ಅಲ್ಲರಿ. ಒಂದಾನೊಂದು ಕಾಲದಾಗ ಮರ ಆಗಿತ್ತು, ಮಣ್ಣಾಗ ಹೂತು ಕಲ್ಲಾಗೇತಿ. ಬಾವಿ ಒಳಗೋಡಿಗೆ ಎಳಿ ಎಳಿ ಎಲಿದು ಜರಿಗಿಡ ಬೆಳೀತದ ನೋಡ್ರಿ, ಹೂವಿಲ್ಲ, ಕಾಯಿಲ್ಲ, ಎಲಿ ಹಿಂದ ಕಂದು ಪುಡಿ? ಅದರ ಜಾತಿನ. ಆದರ ಮರದಷ್ಟು ಎತ್ತರ. ಕೊಂಬಿ ಇಲ್ಲ, ತುದಿಗೆ ಛತ್ರಿ ಬಿಚ್ಚಿದಂಗ ಎಲಿ. ಹಳೇ ಎಲಿ ಉದುರಿದಲ್ಲಿ ಗಾಯ ಉಳೀತದ. ನೀವು ಎಣ್ಣಿ ಹಚ್ಚೂದು ಆ ಗಾಯಕ್ಕ."

ಅವನು ಎದ್ದು ನಿಂತು ಕೈಬೀಸುತ್ತ ಹೇಳತೊಡಗಿದ. ಇಂಥ ಮರ ಇಂದಿಗೂ ಕೊಡಗಿನಲ್ಲಿ, ನೀಲಗಿರಿಯಲ್ಲಿ ಇದೆ. ಅದಕ್ಕೆ ಬಿಸಿಲು ಆಗದು, ಒಣಗಾಳಿ ಆಗದು. ತಲೆಯ ಮೇಲೆ ದೊಡ್ಡ ಮರಗಳ ನೆರಳು ಬೇಕು, ಕಾಲಿನ ಬಳಿ ಸದಾ ಹರಿಯುವ ನೀರು ಬೇಕು, ವರ್ಷದ ಹೆಚ್ಚಿನ ತಿಂಗಳು ಮಳೆ ಬೇಕು, ಮಳೆ ಬಿಟ್ಟರೆ ಮಂಜು ಬೇಕು. ಈ ಕಾಂಡದ ಮೈಗೆ ಎಳೆಎಳೆಯಾಗಿ ಅಂಟಿರುವುದು ಬೇರು. ಕಾಂಡದ ಹೊರಗೇ ಬೇರು ಇಳಿಬಿಡುವ ಗಿಡವು ಗಾಳಿಯಲ್ಲಿಯೇ ನೀರಿರುವ ಕಡೆ ಬೆಳೆಯುವಂಥದ್ದು. ಆದ್ದರಿಂದ ಈ ಒಂದು ತುಂಡು ಸಿಕ್ಕರೆ ಸಾಕು, ಅದರ ಸುತ್ತ ಎಂಥ ಕಾಡಿತ್ತೆಂದು ಹೇಳಬಹುದು. ಇಂದು ತಿರುಚನಾಪಳ್ಳಿಯ ಆ ಹಳ್ಳದಲ್ಲಿ ಆಡು ಮೇಯುವುದಕ್ಕೂ ಹಸಿರಿಲ್ಲ. ಹತ್ತು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ನಡುಹಗಲಲ್ಲೂ ಮಬ್ಬುಗತ್ತಲೆಯಿದ್ದ, ತೊಟ್ಟಿಕ್ಕುವುದು ನಿಲ್ಲದ ಕಾಡು.

ಎರ್ರಮ್ಮ ಕೇಳುತ್ತ ನಿಂತಿದ್ದಳು. ಕಾಲಡಿಯ ಎರೆಮಣ್ಣು ಕಾಲು ತೂರುವಷ್ಟು ಬಿರಿದಿತ್ತು. ಮಳೆಯ ಮಾತನ್ನು ಅಷ್ಟು ಧಾರಾಳವಾಗಿ ಆಡುವ ಗಂಡಸರ ಮೇಲೆ ಆಕೆಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಭಯ ಆಕೆಯನ್ನು ಹಿಡಿದಿತ್ತು. ಆ ಭಯ ಆಗಲೇ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬದುವಿನ ಮೇಲೆ ನಡೆದು ಬರುತ್ತಿತ್ತು.

"ಏನಂತಾನ ನಮ್ಮ ಪಂಡಿತ?" ಎಂದ ಮರಿಬಸಪ್ಪ.

"ಇದು ಕಲ್ಲಾದ ಮರರಿ ಮಾವಾ."

"ಕೇಳಿದೆಲ್ಲ ಅತ್ತಿಗಿ? ಮೂರು ವರ್ಷ ಎಲ್ಲೆಕಲ್ಲು ಎಲ್ಲೆಕಲ್ಲು ಅಂತ ಊರ ತಲಿ ತಿಂದಿ. ಅದು ಕಲ್ಲೇ ಅಲ್ಲಂತ. ಅಳಿಯಾ, ನಾಳೆ ಮಠದ ಅಯ್ಯನವರ ಮುಂದ ಇದ ಮಾತು ಹೇಳಿಬಿಡಪಾ. ಮರ ನಂಬಿ ಯಾರು ಎಲ್ಲೆ ಕಟ್ಟ್ಯಾರ?"

"ಕಲ್ಲಲ್ಲ ಅಂದ್ರ ನನಗಷ್ಟ ಅಲ್ಲ, ನಿನಗೂ ಕಲ್ಲಲ್ಲ. ಹಗ್ಗ ಯಾತಕ್ಕ ಕಟ್ತಿ, ನಿನ್ನ ಮೂಗಿಗೇನು?"

"ನನ್ನ ಮೂಗು ನೆಟ್ಟಗ ಐತಿ. ಎಲ್ಲೆ ಓರೆ ಐತಿ, ಏನು ಮಾಡ್ಲಿ."

"ಎಲ್ಲೆ ಓರೆ ಇರಲಿಲ್ಲ. ಈರಣ್ಣನ ಮುಂದ ಬಾಯಿ ಓರೆ ಮಾಡಿ ಬಂದಿ."

ಮರಿಬಸಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಮುಳ್ಳು ಒಂದು ಬಂಡಿ ಬಂದೈತಿ. ಇಳಿಸಿಕೊಳ್ಳಬೇಕು" ಎಂದು ಹೇಳಿ, ಬಂದ ದಾರಿಯಲ್ಲೇ ಹೋದ.

ಎರ್ರಮ್ಮನಿಗೆ ಸೋಮಶೇಖರಪ್ಪನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಓದಿದವನು ಒಂದು ಮಾತು ಬಿಸಾಡುತ್ತಾನೆ, ಕಳ್ಳನು ಅದನ್ನು ಹೆಕ್ಕಿಕೊಂಡು ಹೋಗುತ್ತಾನೆ. ಆದರೂ ತೆಂಕಣ ಕಲ್ಲಿನವರೆಗೆ ಅವನ ಹಿಂದೆಯೇ ನಡೆದಳು. ಅವನು ಅಲ್ಲಿಯೂ ಕುಳಿತ, ಉಜ್ಜಿದ, ಗಾಜು ಹಿಡಿದ. ಆಮೇಲೆ ಅವನು ಮಾಡಿದ್ದು ವಿಚಿತ್ರವಾಗಿತ್ತು. ಟೋಪಿ ತೆಗೆದಿಟ್ಟು, ಕಲ್ಲಿಗೆ ಬೆನ್ನು ಮಾಡಿ ಬಗ್ಗಿ, ಸಣ್ಣ ಹುಡುಗರ ಹಾಗೆ ತನ್ನ ಕಾಲುಗಳ ನಡುವಿನಿಂದ ಅದನ್ನು ನೋಡಿದ.

"ಅತ್ತೀ, ಈ ಮರ ತಲಿಕೆಳಗ ನಿಂತದ."

"ಏನಂದಿ?"

"ತಲಿ ಮಣ್ಣಾಗೈತಿ, ಕಾಲು ಮ್ಯಾಲ ಐತಿ. ನೋಡ್ರಿ, ಈ ಜಾತಿ ಎಲಿಯ ದಂಟಿನೊಳಗಿನ ನರ ಲಾಳದಂಗ ಬಾಗಿರತಾವ. ಲಾಳದ ಬಾಯಿ ಯಾವಾಗಲೂ ಆಕಾಶದ ಕಡಿಗೆ. ಅಲ್ಲಿ ಬಡಗಣ ಕಲ್ಲಿನಾಗ ಬಾಯಿ ಮ್ಯಾಲ ಇದ್ದವು. ಇಲ್ಲಿ ಎಲ್ಲಾ ಬಾಯಿ ಕೆಳಗ. ಎರಡೂ ಒಂದ ಮರದ ತುಂಡು. ಅಜ್ಜ ಒಂದನ್ನ ನೆಟ್ಟಗ ಹೂಳಿ, ಇನ್ನೊಂದನ್ನ ತಲಿಕೆಳಗ ಯಾಕ ಹೂಳಿದ್ನೋ."

ಅವನಿಗೆ ಅದೊಂದು ತಮಾಷೆಯ ಸಂಗತಿ ಅಷ್ಟೆ. ಎರ್ರಮ್ಮ ಬದುವಿನ ಮೇಲೆ ಕುಳಿತುಬಿಟ್ಟಳು. ಮಾವ ಮಕ್ಕಳಿಗೆ ಹೇಳುತ್ತಿದ್ದ ಮಾತು ಆಕೆಯ ಕಿವಿಯಲ್ಲಿತ್ತು: ದೇವರ ಕುದುರೆ ಎರಡೂ ತುದಿಯಿಂದ ನಮ್ಮ ಹೊಲಕ್ಕೆ ಇಳೀತದ. ಇಳಿಯುವ ಕುದುರೆಯ ಲಾಳದ ದುಂಡು ಕೆಳಗೆ, ಬಾಯಿ ಮೇಲೆ. ಮುಂದಿರುವ ಲಾಳಗಳು ಹತ್ತುತ್ತಿದ್ದವು. ನಲವತ್ತು ವರ್ಷ ದಿನವೂ ಕಂಡ ಕಲ್ಲನ್ನು ತಾನು ಒಮ್ಮೆಯೂ ನೋಡಿರಲಿಲ್ಲವೆಂಬುದು ಆಕೆಗೆ ತಿಳಿಯಿತು. ತಕ್ಕಡಿಯ ಮನೆಯ ಮಗಳಿಗೆ ಅದು ಸಣ್ಣ ಅವಮಾನವಲ್ಲ.

ಆಮೇಲೆ ಆಕೆಯ ಮನಸ್ಸು ಎಣ್ಣೆಯ ಕಡೆಗೆ ಹೋಯಿತು. ಕಲ್ಲಿನ ನೆತ್ತಿ ಕಪ್ಪಗಿತ್ತು, ನಿಜ. ಆದರೆ ಅದು ಮರಿಬಸಪ್ಪ ಹೊಯ್ದ ಮೂರು ವರ್ಷದ ಎಣ್ಣೆಯ ಕಪ್ಪು. ಅದಕ್ಕೂ ಹಿಂದಿನ ಅಷ್ಟೂ ಎಳ್ಳಮಾಸಿಯ ಎಣ್ಣೆ ಎಲ್ಲಿ?

"ಈ ಮಾತನ್ನ ನಾಳೆ ಅಯ್ಯನವರ ಮುಂದ ಹೇಳ್ತೀಯೇನು?"

ಸೋಮಶೇಖರಪ್ಪನಿಗೆ ತಾನು ಏನು ಹೇಳಿದೆನೆಂಬುದು ಆಗ ಹೊಳೆಯಿತು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಮಾವನ ಮನ್ಯಾಗ ಉಂಡು ಓದೀನ್ರಿ."

"ಆವಾಗ ಮನಿ ಒಂದ ಇತ್ತು. ರೊಟ್ಟಿ ಬಡಿದಾಕಿ ನಾ."

"ಮರ ಏನು ಹೇಳ್ತದೋ ಅಷ್ಟು ಹೇಳ್ತೀನಿ. ಯಾರು ಮಾಡಿದ್ರು, ಯಾಕ ಮಾಡಿದ್ರು ಅನ್ನೂದು ನನ್ನ ಬಾಯಾಗ ಬರಂಗಿಲ್ಲ." ಆಮೇಲೆ ಅಂದ: "ಎಲ್ಲೆ ನಿಮ್ಮ ಕಡೆ ಆತು ಅಂದ್ರ, ಈ ತುಂಡು ನನ್ನ ಕಾಲೇಜಿಗೆ ಕೊಡ್ರಿ. ಇಲ್ಲಿ ಬ್ಯಾರೆ ಕಲ್ಲು ನೆಡಸ್ತೀನಿ."

ಎರ್ರಮ್ಮ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. "ನಾಳಿದು ನಾಳೆ ಮಾತಾಡು. ನಾಡದ್ದಿಂದು ನಾಡದ್ದು ನೋಡೂಣು" ಎಂದಳು.

ಸೋಮವಾರ ಬಿಸಿಲೇರುವ ಮೊದಲೇ ಜನ ಬಾವಿಯ ಹತ್ತಿರ ಸೇರಿದರು. ಮಠದ ಪಂಚಾಕ್ಷರಯ್ಯನವರು ಬೇವಿನ ನೆರಳಿನಲ್ಲಿ ಕಂಬಳಿಯ ಮೇಲೆ ಕುಳಿತಿದ್ದರು. ಬೇಲಿ ಕಟ್ಟಲು ಮರಿಬಸಪ್ಪ ಕರೆಸಿದ್ದ ಬಜಾರಪ್ಪ ಮುಳ್ಳಿನ ಹೊರೆಗೆ ಒರಗಿ ಬೀಡಿ ಸೇದುತ್ತಿದ್ದ. ಅವನು ಸುಗ್ಗಿ ಮುಗಿದೊಡನೆ ಹೆಂಡತಿ ಮಕ್ಕಳ ಸಮೇತ ತುಂಗಭದ್ರೆಯ ಕಾಲುವೆ ತೋಡುವ ಕೆಲಸಕ್ಕೆ ಹೋಗಿಬಿಡುವವನು. ಮೂರು ವರ್ಷದ ಪಂಚಾಯಿತಿಗಳಲ್ಲಿ ಒಂದಕ್ಕೂ ಅವನು ಊರಲ್ಲಿರಲಿಲ್ಲ, ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಹಗ್ಗ ಹಿಡಿಯುವ ಮುನ್ನ ಎರ್ರಮ್ಮ, "ಮರಿಬಸಪ್ಪನ ಅಳಿಯ ಏನೋ ಹೇಳ್ತಾನಂತ, ಕೇಳ್ರಿ" ಎಂದಳು. ಮರಿಬಸಪ್ಪ ನಗುತ್ತಲೇ, "ಹೇಳಪಾ, ಕಲ್ಲಲ್ಲ ಮರ ಅಂತ ಹೇಳು" ಎಂದ. ಸೋಮಶೇಖರಪ್ಪ ಹೇಳಿದ. ಹಿಂದಿನ ದಿನ ಕೈಬೀಸಿ ಹೇಳಿದ ಕಾಡು, ಮಂಜು, ಮಳೆ ಒಂದೂ ಅವನ ಮಾತಿನಲ್ಲಿ ಬರಲಿಲ್ಲ. ಲಾಳದ ಬಾಯಿ ಮೇಲಿರಬೇಕು, ಒಂದರಲ್ಲಿ ಹಾಗಿದೆ, ಇನ್ನೊಂದರಲ್ಲಿ ಹಾಗಿಲ್ಲ, ಎರಡೂ ಒಂದೇ ಮರ: ಇಷ್ಟನ್ನೇ, ಮಾವನ ಮುಖ ನೋಡದೆ, ಹೇಳಿ ಮುಗಿಸಿದ.

"ಅದಕ್ಕೇನು? ಅಪ್ಪ ಹಂಗ ನೆಟ್ಟಿದ್ದ. ಅಪ್ಪಗೇನು ಕಾಲೇಜಿನಾಗ ಹೇಳಿಕೊಟ್ಟಿದ್ರೇನು, ಲಾಳಕ್ಕ ಬಾಯಿ ಎಲ್ಲಿ, ತಲಿ ಎಲ್ಲಿ ಅಂತ?" ಎಂದ ಮರಿಬಸಪ್ಪ. ಸುತ್ತಲಿನವರು ನಕ್ಕರು.

"ಸರಿ, ಮಾವನೇ ಹಂಗ ನೆಟ್ಟಿದ್ರು ಅನ್ನೂಣು," ಎಂದಳು ಎರ್ರಮ್ಮ. ಆಕೆಯ ದನಿ ಎಂದಿಗಿಂತ ತಗ್ಗಿತ್ತು. "ಹಂಗಾರ ಅವರು ಹೊಯ್ದ ಎಣ್ಣಿ, ನಿನ್ನ ಅಣ್ಣ ಹೊಯ್ದ ಎಣ್ಣಿ, ಎಲ್ಲಾ ಈ ನೆತ್ತಿಗೇ ಇರಬೇಕು. ಮಣ್ಣಿನೊಳಗಿನ ತುದಿ ಬರೇ ಕಲ್ಲಿರಬೇಕು. ಅಯ್ಯನವರೇ, ಅಪ್ಪನ ಕಲ್ಲು ಕೀಳಬಾರದು, ಖರೆ. ಯಾರೂ ಇದುವರಿಗೆ ಕಿತ್ತಿಲ್ಲ ಅಂದ್ರ ಆ ಪಾಪ ನನಗ ಬರಲಿ. ಕೀಳಸ್ರಿ."

ಪಂಚಾಕ್ಷರಯ್ಯನವರು ಗಡ್ಡ ನೀವಿದರು. ಅವರು ನೋಡಿದ್ದು ಎರ್ರಮ್ಮನನ್ನಲ್ಲ, ಮರಿಬಸಪ್ಪನನ್ನು. ಅವನು ಆಗಲೇ, "ವಂಶಕ್ಕ ಕೇಡು, ವಂಶಕ್ಕ ಕೇಡು" ಎಂದು ಎರಡು ಸಲ ಅಂದಿದ್ದ.

"ಕೀಳ್ರಿ" ಎಂದರು ಅಯ್ಯನವರು.

ನಾಲ್ವರು ಹಾರೆ ಹಾಕಿ ಮಣ್ಣು ಸಡಿಲಿಸಿ ಕಲ್ಲನ್ನು ಬದುವಿಗೆ ಒರಗಿಸಿದರು. ಮಣ್ಣಿನೊಳಗಿದ್ದ ತುದಿ ಇದ್ದಿಲಿನಂತೆ ಕಪ್ಪಾಗಿತ್ತು. ಒಬ್ಬ ಕೈಯಿಂದ ಒರೆಸಿದ. ಜಿಡ್ಡು ಕೈಗೆ ಹತ್ತಿತು. ಲಾಳಗಳ ತಗ್ಗಿನಲ್ಲಿ ಪದರುಪದರಾಗಿ ಕಟ್ಟಿದ್ದ ಕುಂಕುಮ ಬಿಲ್ಲೆಬಿಲ್ಲೆಯಾಗಿ ಎದ್ದು ಬಂತು.

ಬಜಾರಪ್ಪ ಬೀಡಿಯನ್ನು ಕಾಲಲ್ಲಿ ಹೊಸಕಿ ಎದ್ದು ಬಂದ. ತಪ್ಪೊಪ್ಪಿಕೊಳ್ಳುವವನ ಮುಖ ಅವನದಾಗಿರಲಿಲ್ಲ. ಬದಲಿಗೆ ಯಾರಿಗೋ ಬುದ್ಧಿ ಹೇಳಲು ಬಂದವನಂತಿದ್ದ.

"ನಾನೇ ನೆಟ್ಟಿದ್ದು, ಸಾಮೀ. ಸಾವಕಾರ್ರು ಇಲ್ಲಿಡು ಅಂದ್ರು, ಇಟ್ಟೆ. ಎಲ್ಲೆ ಅಂತ, ಬಾವಿ ಅಂತ ನನಗೇನು ಗೊತ್ತು. ಆದ್ರ ಕಿತ್ತು ನೋಡ್ತೀನಿ, ದೇವುಡ ಗುರ್ರಂ ಮಣ್ಣಾಗ ಇಳಿಯಂಗ ಹೂಳ್ಯಾರ. ನಮ್ಮ ಈರಣ್ಣನ ಕುದುರಿ ಪಾತಾಳಕ್ಕ ಹೋಗಬೇಕೇನ್ರಿ? ಎದಿ ಧಸಕ್ಕಂತು. ತಿರುವಿ, ಮ್ಯಾಲಕ ಹತ್ತಂಗ ನೆಟ್ಟು, ಕಾಯಿ ಒಡದು ಹೋದೆ. ನಂದು ತಪ್ಪೇಮಿ? ತಪ್ಪು ನೆಟ್ಟಿದ್ದು ದೊಡ್ಡ ಸಾವಕಾರ್ರು."

ಮರಿಬಸಪ್ಪ, "ನನ್ನ ಕೈ ಮುಟ್ಟಿಲ್ಲ ಅಂದಿದ್ದೆ. ಮುಟ್ಟಿಲ್ಲ" ಎಂದ.

"ಕೈ ಮುಟ್ಟಿಲ್ಲ, ಹೌದಪ್ಪ. ನಾಲಿಗಿ ಮುಟ್ಟ್ಯದ," ಎಂದರು ಪಂಚಾಕ್ಷರಯ್ಯನವರು. "ಬಜಾರಪ್ಪ, ಎಲ್ಲಿಂದ ಕಿತ್ತಿ, ತೋರಿಸು."

ಬಜಾರಪ್ಪ ಬಾವಿಯ ಪಡುವಣ ಬದಿಗೆ ನಡೆದು ಕಾಲಿನಿಂದ ನೆಲ ಒತ್ತಿದ. ಅಲ್ಲಿ ಗುಂಡಿ ತೋಡಿದರು. ಆದರೆ ಕಲ್ಲು ಇಳಿಸುವ ಹೊತ್ತಿಗೆ ಹೊಸ ತಕರಾರು ಎದ್ದಿತು. ಜನರಲ್ಲಿ ಅರ್ಧಕ್ಕರ್ಧ ಬಜಾರಪ್ಪನ ಕಡೆಯಾಗಿದ್ದರು. ಎಲ್ಲೆ ಎಲ್ಲಾದರೂ ಇರಲಿ, ದೇವರ ಕುದುರೆಯನ್ನು ಕಂಡು ಕಂಡು ಪಾತಾಳಕ್ಕೆ ಹೂಳುವುದು ಹೇಗೆ? ಹಾರೆ ಹಿಡಿದವರೂ ಕೈ ಹಿಂದೆ ತೆಗೆದರು. ಮರಿಬಸಪ್ಪ ಒಂದು ಗಳಿಗೆ ತಲೆಯೆತ್ತಿದ.

ಎರ್ರಮ್ಮ ಗುಂಡಿಯ ಅಂಚಿಗೆ ಬಂದು ನಿಂತಳು. "ಕುದುರಿ ಎಲ್ಲೈತಿ? ಓದಿದ ಹುಡುಗ ಗಂಟಲು ಹರಕೊಂಡು ಹೇಳ್ಯಾನ, ಅದು ಕುದುರಿ ಅಲ್ಲ, ಗಿಡ. ನಿಮ್ಮ ನಿಮ್ಮ ಹೊಲದಾಗ ಜ್ವಾಳ ತಲಿಕೆಳಗ ಬೆಳೀತೀರೇನು? ಅದು ಹೆಂಗ ಬೆಳೀತಿತ್ತೋ ಹಂಗ ನಿಲ್ಲಸ್ರಿ." ನಿನ್ನೆ ತಾನು ಬೆಂಕಿಯಾಗಿದ್ದ ಮಾತನ್ನೇ ಆಕೆ ಇಂದು ಗಟ್ಟಿಯಾಗಿ ಹಿಡಿದಿದ್ದಳು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಆಕೆಗೆ ಕಾಣಲಿಲ್ಲ. ಅಯ್ಯನವರು ತಲೆದೂಗಿದರು. ಬಜಾರಪ್ಪ ಮುಟ್ಟುವುದಿಲ್ಲವೆಂದು ದೂರ ಹೋಗಿ ನಿಂತ. ಉಳಿದವರು ಲಾಳದ ಬಾಯಿ ಆಕಾಶಕ್ಕೆ ಮಾಡಿ ಕಲ್ಲನ್ನು ಇಳಿಸಿದರು. ಹಗ್ಗ ಹಿಡಿದರೆ ಬಾವಿ ಒಂದು ಮಾರು ಈಚೆ ಉಳಿಯಿತು.

ಜನ ಚದುರಿದ ಮೇಲೆ ಸೋಮಶೇಖರಪ್ಪ ಬಂದ. ಅವನ ಹಾಸಿಗೆ ಸುರುಳಿಯನ್ನು ಮರಿಬಸಪ್ಪನ ಹೆಂಡತಿ ಗುರುಬಸಮ್ಮ ಆಗಲೇ ಹೊರಕಟ್ಟೆಯ ಮೇಲೆ ತಂದಿಟ್ಟು ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು.

"ಅತ್ತೀ, ಕಲ್ಲಿನ ಮಾತು."

"ಯಾವ ಕಲ್ಲು?"

"ಈ ತುಂಡು. ಕಾಲೇಜಿಗೆ."

"ಅದು ಹೋದರ ನಾಳೆ ಮತ್ತೊಬ್ಬ ಬಜಾರಪ್ಪ ಹುಟ್ಟತಾನ. ನಿಮ್ಮಜ್ಜ ಅಷ್ಟು ದೂರದಿಂದ ಹೊತ್ತು ತಂದಿದ್ದು ನಿನ್ನ ಕಾಲೇಜಿಗಲ್ಲ."

"ನಿಮಗ ಬಾವಿ ಸಿಕ್ಕಿತು. ನನಗ ಒಂದು ಮನಿ ಹೋತು."

"ನಿನ್ನೆ ನಾ ಹೂಂ ಅಂದಿದ್ದೆನೇನು?" ಎಂದಳು ಎರ್ರಮ್ಮ. ಅಂದಿರಲಿಲ್ಲ. ಅವನೂ ಅದನ್ನು ಬಲ್ಲವನಾಗಿದ್ದ. ಅವನು ಕಲ್ಲಿನ ಮುಂದೆ ಕುಳಿತು ಒಂದು ಲಾಳವನ್ನು ಸೀಸದ ಕಡ್ಡಿಯಲ್ಲಿ ಕಾಗದದ ಮೇಲೆ ಬರೆದುಕೊಂಡ. ಸುತ್ತಿಗೆಯನ್ನು ಹೊರಗೆ ತೆಗೆಯಲಿಲ್ಲ. ಆಕೆ ಕಣ್ಣು ಮಿಟುಕಿಸದೆ ಪಕ್ಕದಲ್ಲೇ ನಿಂತಿದ್ದಳು. ಹೊರಡುವಾಗ ಆಕೆ, "ನೀರು ಕುಡದು ಹೋಗು" ಎಂದಳು. "ಬ್ಯಾಡರಿ, ಸ್ಟೇಷನ್ನಾಗ ಸಿಗತಾವ" ಎಂದು ಅವನು ನಡೆದ. ಆಮೇಲೆ ಅವನು ಆ ಊರಿಗೆ ಬರಲಿಲ್ಲ.

ಮರಿಬಸಪ್ಪ ಎಲ್ಲೆಯಿಂದ ದೂರ ತನ್ನ ನೆಲದಲ್ಲಿ ಬಾವಿ ತೋಡಿಸಿದ. ನೀರು ಸವುಳು ಬಂತು. ಗುರುಬಸಮ್ಮ ಖಾಲಿ ಕೊಡ ಹೊತ್ತು ಎಲ್ಲೆಯ ಮೇಲೆ ನಡೆದು ಊರ ಬಾವಿಗೆ ಹೋಗುವುದನ್ನು ಎರ್ರಮ್ಮ ಬೇವಿನ ನೆರಳಿನಿಂದ ನೋಡುತ್ತಿದ್ದಳು; ಕರೆಯಲಿಲ್ಲ. ಕರೆದಿದ್ದರೆ ಆಕೆ ಬರುತ್ತಲೂ ಇರಲಿಲ್ಲ. ಎಳ್ಳಮಾಸಿಯ ಎಣ್ಣೆಯನ್ನು ಆ ವರ್ಷದಿಂದ ಎರ್ರಮ್ಮನೇ ಹೊಯ್ಯತೊಡಗಿದಳು. ಹೆಂಗಸು ಹೊಯ್ಯಬಹುದೇ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಬರಲಿಲ್ಲ. ಅಪರೂಪಕ್ಕೆ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಮೇಲ್ಮುಖದ ಲಾಳಗಳಲ್ಲಿ ಬೆರಳ ತುದಿ ಅದ್ದುವಷ್ಟು ನೀರು ನಿಂತಿರುತ್ತಿತ್ತು. ಬಿಸಿಲೇರುವ ತನಕ ಇರುತ್ತಿತ್ತು. ಆಕೆ ಅದನ್ನು ನೋಡಿ, ಬೆರಳು ಅದ್ದಿ, ಸೆರಗಿಗೆ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಆ ಸೋಮವಾರ ಎರ್ರಮ್ಮನಿಗೆ ಬಿದ್ದ ಖರ್ಚು: ಕಲ್ಲು ಕಿತ್ತು ನೆಟ್ಟ ನಾಲ್ಕು ಆಳಿಗೆ ಮೂರು ರೂಪಾಯಿ. ತೆಂಗಿನಕಾಯಿ ಎರಡಕ್ಕೆ ಆರಾಣೆ. ಕೂತವರಿಗೆ ಕೊಟ್ಟ ಬೆಲ್ಲ ಮತ್ತು ಚಹಾಪುಡಿಗೆ ಹದಿನಾಲ್ಕಾಣೆ. ಮಠಕ್ಕೆ ಕಾಣಿಕೆ ಒಂದು ರೂಪಾಯಿ ನಾಲ್ಕಾಣೆ. ಒಟ್ಟು ಐದೂವರೆ ರೂಪಾಯಿ. ಔಡಲೆಣ್ಣೆ ಮನೆಯದು. ಮುಳ್ಳಿನ ಬಂಡಿಯ ಬಾಡಿಗೆ ಮರಿಬಸಪ್ಪನದು. ಮುಳ್ಳನ್ನು ಅವನು ತಿರುಗಿ ಒಯ್ಯಲಿಲ್ಲವಾದ್ದರಿಂದ ಅದರಲ್ಲೇ ಆಕೆ ಬಾವಿಯ ಪಡುವಣ ಬದಿಗೆ ಬೇಲಿ ಹಾಕಿಸಿದಳು. ಅದಕ್ಕೆ ಏನೂ ಖರ್ಚು ಬೀಳಲಿಲ್ಲ.